ಗೆಜ್ಜೆಯ ಕರೆಗಳೂ ಅಡವಿನ ನಿತ್ಯನೇಮವೂ

ಗೌರೀಗಣೇಶ ಹಬ್ಬದಿಂದ ಮೊದಲುಗೊಂಡು ಸಂಕ್ರಾಂತಿಯವರೆಗೆ, ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಭರತನಾಟ್ಯವನ್ನು ಬಾಳಿನ ಮುಖ್ಯ ವೃತ್ತಿಯನ್ನಾಗಿ, ಅಥವಾ ಹೊಟ್ಟೆಪಾಡಿನ ವೃತ್ತಿಯೊಂದರ ಜೊತೆಗೆ ಅಷ್ಟೇ ಆಸ್ಥೆಯ ಎರಡನೆಯ ವೃತ್ತಿಯನ್ನಾಗಿ ಹಿಡಿದಿರುವ ತರುಣಿಯೊಬ್ಬಳ ದಿನಚರಿಯನ್ನು ಹತ್ತಿರದಿಂದ ನೋಡಿದವರಿಗೆ, ಆಕೆಗೆ ಉಸಿರಾಡಲು ವೇಳೆ ಎಲ್ಲಿಂದ ಬರುತ್ತದೆಂಬ ಆಶ್ಚರ್ಯವುಂಟಾಗದೆ ಇರದು. ಗಣೇಶೋತ್ಸವದ ಪೆಂಡಾಲುಗಳಲ್ಲಿ ಅರ್ಧ ಗಂಟೆಯ ಕಾರ್ಯಕ್ರಮಗಳು. ನವರಾತ್ರಿಯಲ್ಲಿ ದೇವಸ್ಥಾನದ ಸೇವೆ, ದಸರೆಯ ವೇದಿಕೆಯಲ್ಲಿ ಗುರುಗಳ ತಂಡದೊಡನೆ ನೃತ್ಯರೂಪಕ. ನವೆಂಬರಿನಲ್ಲಿ ರಾಜ್ಯೋತ್ಸವದ ಸಮೂಹನೃತ್ಯ. ಡಿಸೆಂಬರಿನಲ್ಲಿ ತಾನು ಪಾಠ ಹೇಳುವ ಶಾಲೆಯ ವಾರ್ಷಿಕೋತ್ಸವ. ಇವುಗಳ ನಡುವೆ ಸಹಪಾಠಿಯೊಬ್ಬಳ ರಂಗಪ್ರವೇಶಕ್ಕೆ ನೆರವು, ಇನ್ನೊಬ್ಬ ಸಂಯೋಜಕರ ಹೊಸ ಪ್ರಯೋಗಕ್ಕೆ ವಾರದಲ್ಲಿ ಮೂರು ಸಂಜೆಯ ತಾಲೀಮು, ಜೊತೆಗೆ ವಿದ್ವತ್ ಪರೀಕ್ಷೆಯ ಸಿದ್ಧತೆ. ಒಂದೊಂದೂ ಒಳ್ಳೆಯದೇ, ಒಂದೊಂದೂ ಒಪ್ಪಿಕೊಳ್ಳತಕ್ಕದ್ದೇ. ಆದರೆ ಇಷ್ಟನ್ನೆಲ್ಲ ನಡೆಸಿಕೊಂಡು ಹೋಗುತ್ತಿರುವ ಆ ತರುಣಿಯನ್ನು, ಯಾವ ಕಾರ್ಯಕ್ರಮಕ್ಕೂ ಸಂಬಂಧವಿಲ್ಲದಂತೆ, ಕೇವಲ ಅಡವಿಗೋಸ್ಕರವೇ ಅಡವು ಹಾಕಿದ್ದು ಯಾವಾಗ ಎಂದು ಕೇಳಿದರೆ, ಆಕೆ ಉತ್ತರ ಹೇಳುವ ಮುನ್ನ ತುಸು ಹೊತ್ತು ಯೋಚಿಸಬೇಕಾಗುತ್ತದೆ.

ಈ ಲೇಖನದ ವಿಷಯ ಆ ಯೋಚನೆಯೇ. ರಂಗದ ಮೇಲೆ ಅನೇಕ ಹೊಣೆಗಳನ್ನು ಹೊತ್ತ ಕಲಾವಿದರು ತಮ್ಮ ಮೂಲಾಭ್ಯಾಸವನ್ನು ಹೇಗೆ ಉಳಿಸಿಕೊಳ್ಳಬೇಕು, ಉಳಿಸಿಕೊಳ್ಳದಿದ್ದಲ್ಲಿ ಏನಾಗುತ್ತದೆ, ಹಿಂದಿನವರು ಇದಕ್ಕೆ ಯಾವ ಏರ್ಪಾಡು ಮಾಡಿಕೊಂಡಿದ್ದರು ಎಂಬುದನ್ನು, ನೃತ್ಯವನ್ನು ನೋಡಿ ಸಂತೋಷಪಡುವ ಸಾಮಾನ್ಯ ರಸಿಕರಿಗೂ ಮಕ್ಕಳನ್ನು ನೃತ್ಯಶಾಲೆಗೆ ಕಳುಹಿಸುವ ತಾಯಿತಂದೆಯರಿಗೂ ತಿಳಿಯುವಂತೆ ವಿವರಿಸುವುದು ಅವಶ್ಯವೆಂದು ನನಗೆ ತೋರಿದೆ. ಏಕೆಂದರೆ ಕಲಾವಿದರ ವೇಳೆಯನ್ನು ಹಂಚುವವರು ಕಲಾವಿದರು ಮಾತ್ರವಲ್ಲ, ನಾವೆಲ್ಲರೂ.

ಅಡವೆಂಬುದು ಭರತನಾಟ್ಯದ ನೃತ್ತಭಾಗದ ಮೂಲ ಘಟಕ. ಪಾದದ ಒಂದು ಚಲನೆ, ಕೈಯ ಒಂದು ಚಲನೆ, ದೇಹದ ಒಂದು ನಿಲುವು, ದೃಷ್ಟಿಯ ಒಂದು ದಿಕ್ಕು, ಇವೆಲ್ಲ ಒಂದು ಸೊಲ್ಲುಕಟ್ಟಿನ, ಎಂದರೆ ಬಾಯಲ್ಲಿ ಹೇಳುವ ತಾಳಾಕ್ಷರಗಳ ಜೋಡಣೆಯ, ಅಳತೆಯಲ್ಲಿ ಸೇರಿ ಅಡವಾಗುತ್ತದೆ. ತಟ್ಟಡವು, ನಾಟಡವು ಮೊದಲಾಗಿ ಗುಂಪುಗುಂಪಾಗಿ ವಿಂಗಡಿಸಿರುವ ಇವುಗಳನ್ನು ಬಲಕ್ಕೂ ಎಡಕ್ಕೂ ಸರಿಸಮಾನವಾಗಿ, ಮೊದಲನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲ ಎಂಬ ಮೂರು ವೇಗಗಳಲ್ಲಿ, ಗುರುವು ತಟ್ಟುಮಣೆಯ ಮೇಲೆ ತಟ್ಟುಕೋಲಿನಿಂದ ಹಾಕುವ ಪೆಟ್ಟಿಗೆ ಸರಿಯಾಗಿ ಸಾಧಿಸುವುದು ಪದ್ಧತಿ. ಕಛೇರಿಯ ಪ್ರಧಾನ ನೃತ್ಯಬಂಧವಾದ ವರ್ಣದಲ್ಲಿ ಬರುವ, ತೀರ್ಮಾನವೆಂದು ಕರೆಯುವ ಎಂಥ ಸಂಕೀರ್ಣವಾದ ನೃತ್ತದ ಕಟ್ಟನ್ನೇ ತೆಗೆದುಕೊಳ್ಳಿ, ಬಿಡಿಸಿ ನೋಡಿದರೆ ಒಳಗೆ ಇರುವುದು ಚಿಕ್ಕಂದಿನಲ್ಲಿ ಕಲಿತ ಈ ಅಡವುಗಳೇ.

ಹಾಗಾದರೆ ದಿನವೂ ನಾಲ್ಕು ಗಂಟೆ ವರ್ಣವನ್ನೂ ತಿಲ್ಲಾನವನ್ನೂ ತಾಲೀಮು ಮಾಡುವವಳು ಅಡವನ್ನು ಬೇರೆಯಾಗಿ ಏಕೆ ಮಾಡಬೇಕು, ಅಡವೂ ಅವುಗಳಲ್ಲಿ ಅಡಗಿಯೇ ಇದೆಯಲ್ಲ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಕಾಣಬೇಕಾದರೆ ನಾಟಡವೊಂದನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ನರ್ತಕಿ ಅರೆಮಂಡಿಯಲ್ಲಿ ಕುಳಿತಿದ್ದಾಳೆ; ಎರಡು ಮೊಣಕಾಲುಗಳೂ ಪಕ್ಕಕ್ಕೆ ತೆರೆದುಕೊಂಡು ಕಾಲ್ಬೆರಳುಗಳ ನೇರಕ್ಕೆ ನಿಂತಿವೆ, ಬೆನ್ನು ನೆಟ್ಟಗಿದೆ, ತೋಳುಗಳು ನಾಟ್ಯಾರಂಭದಲ್ಲಿ ಹೆಗಲಿನ ಮಟ್ಟಕ್ಕೆ ಹರಡಿವೆ. ಬಲಗಾಲು ಪಕ್ಕಕ್ಕೆ ಚಾಚಿ ಹಿಮ್ಮಡಿ ನೆಲವನ್ನು ಮುಟ್ಟುವ ಆ ಒಂದು ಮಾತ್ರೆಯ ಅವಧಿಯಲ್ಲಿ ದೇಹದ ಭಾರವೆಲ್ಲ ಎಡತೊಡೆಯ ಮೇಲೆ ಬೀಳುತ್ತದೆ. ಚಾಚಿದ ಮೊಣಕಾಲು ಪೂರ್ತಿಯಾಗಿ ನೆಟ್ಟಗಾಗಬೇಕು, ಮಡಿಸಿದ ಮೊಣಕಾಲು ಒಳಕ್ಕೆ ವಾಲಕೂಡದು, ಸೊಂಟ ಮೇಲಕ್ಕೇಳಕೂಡದು, ಕಣ್ಣು ಕೈಯನ್ನು ಬಿಟ್ಟು ಹೋಗಕೂಡದು. ಕಾಲು ಹಿಂದಕ್ಕೆ ಬಂದು ಅಂಗಾಲು ಸಮನಾಗಿ ನೆಲವನ್ನು ತಟ್ಟುವಾಗ ಮತ್ತೆ ಅದೇ ಆಳದ ಅರೆಮಂಡಿ ಸಿಕ್ಕಬೇಕು. ಮೊದಲನೆಯ ಕಾಲದಲ್ಲಿ ಇದು ತೊಡೆಯನ್ನು ಉರಿಸುತ್ತದೆ. ಮೂರನೆಯ ಕಾಲದಲ್ಲಿ ದೇಹವು ಕಳ್ಳದಾರಿ ಹುಡುಕುತ್ತದೆ. ಎರಡು ಅಂಗುಲ ಮೇಲೆದ್ದರೆ ಕಾಲು ಹಗುರಾಗಿ ಆಡುತ್ತದೆ. ಮೊಣಕೈ ತುಸು ಇಳಿದರೆ ಹೆಗಲಿಗೆ ಸುಖವಾಗುತ್ತದೆ. ಹಿಮ್ಮಡಿಯನ್ನು ಪೂರಾ ಚಾಚದೆ ಅರ್ಧಕ್ಕೇ ಇಟ್ಟರೆ ತಾಳ ತಪ್ಪದೆ ಉಳಿಯುತ್ತದೆ.

ಅಡವಿನ ಪಾಠದಲ್ಲಿ ಗುರುವಿನ ಕಣ್ಣು ಈ ಕಳ್ಳದಾರಿಗಳ ಮೇಲೆಯೇ ಇರುತ್ತದೆ. ನೃತ್ಯರೂಪಕದ ತಾಲೀಮಿನಲ್ಲಿ ಸಂಯೋಜಕರ ಕಣ್ಣು ಬೇರೆ ಕಡೆಗೆ ಇರುತ್ತದೆ, ಇರಲೇಬೇಕು: ಹನ್ನೆರಡು ಜನ ಒಂದೇ ಸಾಲಿನಲ್ಲಿದ್ದಾರೆಯೇ, ಪ್ರವೇಶ ಸಕಾಲಕ್ಕೆ ಆಯಿತೇ, ಧ್ವನಿಮುದ್ರಿತ ಸಂಗೀತದ ವೇಗಕ್ಕೆ ಎಲ್ಲರೂ ಹೊಂದಿದರೇ, ಬೆಳಕು ಬೀಳುವ ಜಾಗದಲ್ಲಿ ನಾಯಕಿ ನಿಂತಳೇ ಎಂಬುದು ಅವರ ಚಿಂತೆ. ಆ ಸಂದಣಿಯಲ್ಲಿ ಒಬ್ಬಳ ಮೊಣಕೈ ಇಳಿದದ್ದು ಯಾರಿಗೂ ಕಾಣಿಸದು. ಕಾಣಿಸಿದರೂ ತಿದ್ದಲು ಪುರಸೊತ್ತಿರದು. ಇನ್ನೂ ಸೂಕ್ಷ್ಮವಾದ ಮಾತೊಂದಿದೆ. ಅಡವು ಬಲಕ್ಕಷ್ಟು ಎಡಕ್ಕಷ್ಟು ಎಂದು ಸಮನಾಗಿ ಹಂಚಿಕೊಂಡಿರುವಂಥದು, ರಂಗಸಂಯೋಜನೆ ಹಾಗಲ್ಲ. ಸಾಲಿನ ಬಲತುದಿಯಲ್ಲಿ ನಿಲ್ಲುವವಳು ರೂಪಕದುದ್ದಕ್ಕೂ ಎಡಕ್ಕೇ ಜಿಗಿಯಬಹುದು, ಎಡಗಾಲಿನ ಮೇಲೆಯೇ ನಿಂತು ಭಂಗಿ ಹಿಡಿಯಬಹುದು, ಒಂದೇ ಪಕ್ಕಕ್ಕೆ ತಿರುಗಿ ಮಂಡಿಯೂರಬಹುದು. ಆರು ವಾರ ಹೀಗೆ ನಡೆದರೆ ದೇಹದ ಒಂದು ಪಾರ್ಶ್ವ ಗಟ್ಟಿಯಾಗಿ ಇನ್ನೊಂದು ಪಾರ್ಶ್ವ ಮಂಕಾಗುತ್ತದೆ. ನರ್ತಕಿಗೆ ಇದು ತಿಳಿಯುವುದು, ಬಹುಕಾಲದ ಮೇಲೆ ಕನ್ನಡಿಯ ಮುಂದೆ ಬಲ ಎಡಗಳನ್ನು ಸಮನಾಗಿ ಮಾಡಹೊರಟಾಗ.

ರಂಗವು ಬೇಡುವುದು ಪರಿಣಾಮವನ್ನು, ಅಡವು ಬೇಡುವುದು ಶುದ್ಧಿಯನ್ನು. ಎರಡೂ ಬೇಕಾದವೇ, ಆದರೆ ಮೊದಲನೆಯದು ಎರಡನೆಯದನ್ನು ವ್ಯಯಮಾಡಿಕೊಂಡೇ ನಡೆಯುತ್ತದೆ. ಕಣಜಕ್ಕೆ ತುಂಬದೆ ದಿನವೂ ತೆಗೆದುಕೊಳ್ಳುತ್ತಲೇ ಇದ್ದರೆ ಕೆಲವು ಕಾಲ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನುರಿತ ನರ್ತಕಿಯ ಕಣಜ ದೊಡ್ಡದಾದುದರಿಂದ ಒಂದು ಋತುವೆಲ್ಲ ಹಾಗೆ ನಡೆದೀತು, ಎರಡು ಋತುವೂ ನಡೆದೀತು. ಆಮೇಲೆ, ಹಿಂದೆ ಅವಳನ್ನು ನೋಡಿ ಮೆಚ್ಚಿದ್ದ ರಸಿಕನು ಏನೋ ಕಡಿಮೆಯಾಗಿದೆಯೆಂದುಕೊಂಡು, ಯಾವುದೆಂದು ಹೇಳಲಾರದೆ ಸಭೆಯಿಂದೇಳುತ್ತಾನೆ.

ನಮ್ಮ ಪೂರ್ವಿಕರು ಈ ಇಕ್ಕಟ್ಟನ್ನು ಅರಿಯದವರಲ್ಲ. ಅವರ ಕಾಲದಲ್ಲಿ ಅಭ್ಯಾಸಕ್ಕೆ ಪ್ರತ್ಯೇಕವಾದ ವೇಳೆಯಿದ್ದುದಲ್ಲದೆ, ಪ್ರದರ್ಶನದ ರಚನೆಯೊಳಗೇ ಅಭ್ಯಾಸವನ್ನು ಹೆಣೆದಿಟ್ಟಿದ್ದರು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತಂಜಾವೂರಿನ ನಾಲ್ವರು ಸೋದರರು, ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು, ಭರತನಾಟ್ಯದ ಕಛೇರಿಗೆ ಕೊಟ್ಟ ಕ್ರಮವನ್ನು ನೋಡಿ. ಇವರಲ್ಲಿ ಹಿರಿಯರಾದ ಚಿನ್ನಯ್ಯನವರು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದವರು. ನಮ್ಮ ನಾಡಿಗೂ ಆ ಪರಂಪರೆಗೂ ಇರುವ ನೇರವಾದ ನಂಟು ಅದು. ಆ ಕ್ರಮದ ಮೊದಲಲ್ಲಿ ಅಲರಿಪು. ಕಣ್ಣು, ಕತ್ತು, ಹೆಗಲು, ತೋಳು, ಮಂಡಿ ಎಂದು ಅಂಗಾಂಗಗಳನ್ನು ಒಂದೊಂದಾಗಿ ಎಚ್ಚರಿಸುವ, ಸಾಹಿತ್ಯದ ಹಂಗಿಲ್ಲದ ಚಿಕ್ಕ ನೃತ್ತ. ಬಳಿಕ ಅಡವುಗಳ ಜೋಡಣೆಯೇ ಪ್ರಧಾನವಾದ ಜತಿಸ್ವರ. ಅನಂತರವೇ ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನ. ಮಾರ್ಗವೆಂದು ಕರೆಯುವ ಈ ಕ್ರಮವನ್ನು ಪೂರ್ಣವಾಗಿ ಆಡುವ ನರ್ತಕಿ ಪ್ರತಿಸಲವೂ ಸಭೆಯ ಮುಂದೆಯೇ ತನ್ನ ಅಂಗಶುದ್ಧಿಯನ್ನು ಪರೀಕ್ಷೆಗೊಡ್ಡಿ, ಅದರ ಮೇಲೆ ಅಭಿನಯವನ್ನು ಕಟ್ಟುತ್ತಿದ್ದಳು. ಈಗ ವೇದಿಕೆಗಳು ಹದಿನೈದು ನಿಮಿಷವನ್ನೋ ಇಪ್ಪತ್ತು ನಿಮಿಷವನ್ನೋ ಕೊಡುವಾಗ ಅಲರಿಪು ಜತಿಸ್ವರಗಳಿಗೇ ಮೊದಲು ಕತ್ತರಿ ಬೀಳುತ್ತದೆ.

ಕರಾವಳಿಯ ಯಕ್ಷಗಾನದಲ್ಲಿ ಈ ಏರ್ಪಾಡು ಇನ್ನೂ ಚೆಲುವಾಗಿದ್ದಿತು. ರಾತ್ರಿಯಿಡೀ ನಡೆಯುವ ಆಟದ ಆರಂಭದಲ್ಲಿ ಪೂರ್ವರಂಗವೆಂಬುದೊಂದುಂಟು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಮೊದಲು ಕೋಡಂಗಿಗಳಾಗಿ, ಆಮೇಲೆ ಬಾಲಗೋಪಾಲರಾಗಿ, ಮುಂದೆ ಸ್ತ್ರೀವೇಷಗಳಾಗಿ ರಂಗದ ಮೇಲೆ ಕುಣಿಯುತ್ತಿದ್ದರು. ಪ್ರಸಂಗದ ಕಥೆ ಇನ್ನೂ ಆರಂಭವಾಗಿರುವುದಿಲ್ಲ, ಪ್ರೇಕ್ಷಕರು ಇನ್ನೂ ಬಂದು ಸೇರುತ್ತಿರುತ್ತಾರೆ, ಮಾತಿನ ಭಾರವಿಲ್ಲ. ತಾಳ, ಹೆಜ್ಜೆ, ಚೆಂಡೆ ಮದ್ದಳೆಗಳೊಡನೆ ಹೊಂದಿಕೆ ಇವಿಷ್ಟೇ. ಹೀಗೆ ತಿಂಗಳುಗಟ್ಟಲೆ ಪ್ರತಿರಾತ್ರಿ ಕುಣಿದ ಹುಡುಗನ ಕಾಲಿಗೆ ಹೆಜ್ಜೆಗಾರಿಕೆ ಕೂತುಬಿಡುತ್ತಿತ್ತು. ಅಲ್ಲದೆ ಮೇಳದ ತಿರುಗಾಟಕ್ಕೊಂದು ಕೊನೆಯಿದ್ದಿತು. ಮೇ ತಿಂಗಳ ಉತ್ತರಾರ್ಧದಲ್ಲಿ ಬರುವ ಪತ್ತನಾಜೆಯೆಂಬ ದಿನ ಗೆಜ್ಜೆ ಬಿಚ್ಚಿದರೆ ಮತ್ತೆ ಮಳೆಗಾಲ ಕಳೆದು ಸುಗ್ಗಿಯ ಕಾಲ ಸಮೀಪಿಸುವವರೆಗೆ ಬಯಲಾಟವಿಲ್ಲ. ಆ ಬಿಡುವಿನ ತಿಂಗಳುಗಳಲ್ಲಿ ಕಲಾವಿದನು ಗದ್ದೆಯ ಕೆಲಸ ನೋಡಿಕೊಂಡು, ವೇಷವಿಲ್ಲದ ತಾಳಮದ್ದಳೆಯಲ್ಲಿ ಕುಳಿತು ಅರ್ಥ ಹೇಳಿ, ಹಿರಿಯರ ಬಳಿ ಹೋಗಿ ತನಗೆ ಬಾರದ ಹೆಜ್ಜೆಯನ್ನು ಕಲಿತು, ದಣಿದ ಕಾಲುಗಳಿಗೆ ವಿಶ್ರಾಂತಿ ಕೊಡುತ್ತಿದ್ದನು. ಕೇರಳದಲ್ಲಿ ಮಹಾಕವಿ ವಳ್ಳತ್ತೋಳರ ಪ್ರಯತ್ನದಿಂದ 1930ರಲ್ಲಿ ಸ್ಥಾಪಿತವಾದ ಕಲಾಮಂಡಲದಲ್ಲಿ ಕಥಕಳಿಯ ವಿದ್ಯಾರ್ಥಿಗಳನ್ನು ನಸುಕಿನಲ್ಲೇ ಎಬ್ಬಿಸಿ ಕಣ್ಣಿನ ಸಾಧನೆ, ಮೈಸಾಧನೆ ಮಾಡಿಸುವುದೂ, ಮಳೆಗಾಲದಲ್ಲಿ ಎಣ್ಣೆ ಹಚ್ಚಿ ಕಾಲಿನಿಂದ ಮೈತಿಕ್ಕುವ ಉಳಿಚ್ಚಿಲ್ ಮಾಡಿ ಅಂಗಗಳನ್ನು ಹದಗೊಳಿಸುವುದೂ ಇದೇ ತಿಳಿವಳಿಕೆಯ ಫಲ. ವರ್ಷದ ಒಂದು ಭಾಗ ಮೆರೆಯಲಿಕ್ಕೆ, ಇನ್ನೊಂದು ಭಾಗ ಮೈಯನ್ನು ಮರಳಿ ಕಟ್ಟಿಕೊಳ್ಳಲಿಕ್ಕೆ. ಈಗ ಮಳೆಗಾಲದಲ್ಲೂ ನಗರಗಳ ಸಭಾಂಗಣಗಳಲ್ಲಿ ಯಕ್ಷಗಾನ ನಡೆಯುತ್ತದೆ. ಕಲಾವಿದರ ಸಂಪಾದನೆಯ ದೃಷ್ಟಿಯಿಂದ ಅದು ಆಗಬೇಕಾದುದೇ, ಅದನ್ನು ಬೇಡವೆನ್ನುವ ಅಧಿಕಾರ ನನಗಿಲ್ಲ. ಆದರೆ ಋತುಮಾನವೇ ವಿಧಿಸುತ್ತಿದ್ದ ಆ ಬಿಡುವನ್ನು ಇನ್ನು ಮೇಲೆ ಕಲಾವಿದನು ತಾನೇ ವಿಧಿಸಿಕೊಳ್ಳಬೇಕಾಗಿದೆ.

ಮೈಸೂರಿನ ಮಾತೆತ್ತಿದ ಮೇಲೆ ಅಲ್ಲಿನ ನೃತ್ಯಗುರು ಜಟ್ಟಿ ತಾಯಮ್ಮನವರನ್ನೂ ಅವರ ಶಿಷ್ಯೆ ವೆಂಕಟಲಕ್ಷಮ್ಮನವರನ್ನೂ ನೆನೆಯದೆ ಮುಂದೆ ಹೋಗಲು ಮನಸ್ಸು ಬಾರದು. ಕಡೂರಿನ ಕಡೆಯ ತಂಗಲಿ ತಾಂಡ್ಯದ ಲಂಬಾಣಿ ಮನೆತನದಲ್ಲಿ 1906ರಲ್ಲಿ ಹುಟ್ಟಿದ ವೆಂಕಟಲಕ್ಷಮ್ಮನವರು ಎಳೆಯ ವಯಸ್ಸಿನಲ್ಲೇ ತಾಯಮ್ಮನವರ ಕೈಕೆಳಗೆ ಸೇರಿ, ಮುಂದೆ ಆಸ್ಥಾನ ವಿದುಷಿಯಾಗಿ, ಇಳಿವಯಸ್ಸಿನಲ್ಲೂ ಕುಳಿತಲ್ಲೇ ಅಭಿನಯದಿಂದ ಸಭೆಯನ್ನು ಸೆರೆಹಿಡಿಯುವಂಥ ಶಕ್ತಿಯನ್ನು ಉಳಿಸಿಕೊಂಡು, 1992ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದವರು. ಮೈಸೂರು ಸಂಪ್ರದಾಯ ಅಭಿನಯಕ್ಕೆ ಹೆಸರಾದುದು. ಅಭಿನಯಕ್ಕೆ ಅಭ್ಯಾಸ ಬೇಡ, ಭಾವವೊಂದಿದ್ದರೆ ಸಾಕು ಎಂದು ತಿಳಿಯುವವರು ಈ ಮಾತನ್ನು ಗಮನಿಸಬೇಕು: ಹುಬ್ಬು, ಕಣ್ಣು, ತುಟಿ, ಮಣಿಕಟ್ಟುಗಳಿಗೂ ಸಾಧನೆಯುಂಟು, ಆ ಸಾಧನೆಯಿಂದ ಮುಖದ ಅಂಗಗಳು ಸ್ವಾಧೀನವಾಗಿರುವವಳಿಗೆ ಮಾತ್ರ, ಭಾವ ಬಂದಾಗ ಅದನ್ನು ಕಾಣಿಸುವ ದಾರಿ ತೆರೆದಿರುತ್ತದೆ. ಸಮೂಹರೂಪಕಗಳ ಋತುವಿನಲ್ಲಿ ಅಡವಿಗಿಂತಲೂ ಮೊದಲು ಸೊರಗುವುದು ಈ ಅಭಿನಯದ ಸಾಧನೆ, ಏಕೆಂದರೆ ಹಿಂದಿನ ಸಾಲಿನಲ್ಲಿ ನಿಂತವಳ ಹುಬ್ಬನ್ನು ಯಾರೂ ಕೇಳುವುದಿಲ್ಲ.

ಪಾಶ್ಚಾತ್ಯ ಬ್ಯಾಲೆಯ ಜಗತ್ತಿನಲ್ಲಿ ಈ ವಿಷಯವನ್ನು ಕಲಾವಿದರ ಇಚ್ಛೆಗೆ ಬಿಟ್ಟಿಲ್ಲವೆಂಬುದು ನಾವು ಕಲಿಯತಕ್ಕ ಸಂಗತಿ. ದೊಡ್ಡ ಬ್ಯಾಲೆ ಮಂಡಲಿಗಳಲ್ಲಿ ಬೆಳಗಿನ ಹೊತ್ತು ಎಲ್ಲ ನರ್ತಕರಿಗೂ ಸಾಮೂಹಿಕ ಪಾಠವಿರುತ್ತದೆ. ಮೊದಲು ಆಸರೆಯ ಕಂಬಿಯನ್ನು ಹಿಡಿದು ಮಂಡಿ ಬಗ್ಗಿಸುವ ಅತ್ಯಂತ ಪ್ರಾಥಮಿಕವಾದ ಚಲನೆ, ಬಳಿಕ ಕಂಬಿಯನ್ನು ಬಿಟ್ಟು ಸಮತೋಲನ, ಸುತ್ತು, ಜಿಗಿತ. ಅಂದು ರಾತ್ರಿ ನಾಯಕಿಯ ಪಾತ್ರ ವಹಿಸತಕ್ಕವಳೂ ನಿನ್ನೆ ತಾನೇ ಮಂಡಲಿಗೆ ಸೇರಿದವಳೂ ಒಂದೇ ಕೊಠಡಿಯಲ್ಲಿ ಒಂದೇ ಮಂಡಿಯನ್ನು ಬಗ್ಗಿಸುತ್ತಾರೆ. ಪಾಠ ಮುಗಿದ ಮೇಲೆಯೇ ತಾಲೀಮು. ಎನ್ರಿಕೋ ಚೆಕೆಟ್ಟಿ ಎಂಬ ಇಟಲಿಯ ಮಹಾಗುರುವು ವಾರದ ಒಂದೊಂದು ದಿನಕ್ಕೂ ಒಂದೊಂದು ವ್ಯಾಯಾಮಕ್ರಮವನ್ನು ಗೊತ್ತುಮಾಡಿದ್ದನು. ಸೋಮವಾರದ ಪಾಠ ಸೋಮವಾರಕ್ಕೆ, ಮಂಗಳವಾರದ್ದು ಮಂಗಳವಾರಕ್ಕೆ. ಹೀಗಾಗಿ ವಾರ ತಿರುಗುವುದರೊಳಗೆ ದೇಹದ ಯಾವ ಚಲನೆಯೂ ಮರೆವಿಗೆ ಬೀಳುತ್ತಿರಲಿಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ರಂಗದಲ್ಲಿ ಪ್ರಧಾನ ನರ್ತಕಿಯ ಪದವಿಗೇರಿದ ಮೇಲೂ ಆನಾ ಪಾವ್ಲೋವಾ ಈ ಚೆಕೆಟ್ಟಿಯಲ್ಲಿ ಖಾಸಗಿಯಾಗಿ ಪಾಠ ಹೇಳಿಸಿಕೊಂಡಳು. ಜಗತ್ತು ತನ್ನನ್ನು ಹೊಗಳುತ್ತಿರುವ ಕಾಲದಲ್ಲಿ ತನ್ನ ಕುಂದನ್ನು ತಿದ್ದುವ ಕಣ್ಣೊಂದನ್ನು ತಾನಾಗಿ ಹುಡುಕಿಕೊಂಡು ಹೋದ ಆ ಕಲಾವಿದೆಯ ವಿವೇಕ ನನಗೆ ಅವಳ ಕೀರ್ತಿಗಿಂತ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿಯೂ ಹೀಗೆ ನಿತ್ಯಸಾಧನೆಯ ಸುತ್ತ ಬದುಕನ್ನೇ ಕಟ್ಟಿಕೊಂಡ ಜಾಗಗಳಿವೆ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಪ್ರೊತಿಮಾ ಬೇಡಿಯವರು 1990ರಲ್ಲಿ ಆರಂಭಿಸಿದ ನೃತ್ಯಗ್ರಾಮದಲ್ಲಿ ಒಡಿಸ್ಸಿಯ ಪಾಠಕ್ಕೆ ಮೈಸಾಧನೆಯೇ ತಳಹದಿ. ಯೋಗ, ಕಳರಿಪಯಟ್ಟು ಮೊದಲಾದುವುಗಳಿಂದ ಬೇಕಾದುದನ್ನು ತೆಗೆದುಕೊಂಡು ಒಡಿಸ್ಸಿಯ ಮೂಲನಿಲುವುಗಳಾದ ಚೌಕಕ್ಕೂ ತ್ರಿಭಂಗಿಗೂ ಒಪ್ಪುವಂತೆ ಅಳವಡಿಸಿದ ಕ್ರಮ ಅಲ್ಲಿಯದು. ಅಲ್ಲಿನ ತಂಡ ದೇಶವಿದೇಶಗಳಲ್ಲಿ ಪಡೆದ ಮನ್ನಣೆಗೆ ಆ ತಳಹದಿಯೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ.

ಆದರೆ ಎಲ್ಲರೂ ಆಶ್ರಮವಾಸಿಗಳಾಗಲಾರರು. ನಮ್ಮ ನರ್ತಕಿಯರಲ್ಲಿ ಬಹುಮಂದಿ ಹಗಲು ಕಚೇರಿಯಲ್ಲಿ ದುಡಿದು, ಸಂಜೆ ಮಕ್ಕಳಿಗೆ ಪಾಠ ಹೇಳಿ, ರಾತ್ರಿ ತಾಲೀಮಿಗೆ ಓಡುವವರು. ಅಂಥವರಿಗೆ ಯು. ಎಸ್. ಕೃಷ್ಣರಾಯರ ಉದಾಹರಣೆ ಹೆಚ್ಚು ಹತ್ತಿರವಾದೀತು. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ಪತ್ನಿ ಚಂದ್ರಭಾಗಾದೇವಿಯವರೊಡನೆ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಶಿಷ್ಯವೃತ್ತಿ ಮಾಡಿ, ಕಾಲೇಜಿನ ಪ್ರಯೋಗಶಾಲೆಯನ್ನೂ ಗೆಜ್ಜೆಯನ್ನೂ ಒಟ್ಟಿಗೆ ನಿಭಾಯಿಸಿ, ಬೆಂಗಳೂರಿನಲ್ಲಿ ಭರತನಾಟ್ಯಕ್ಕೆ ಗೌರವದ ಸ್ಥಾನ ದೊರಕಿಸಿಕೊಟ್ಟವರು. ಎರಡು ಹೊಣೆಗಳನ್ನು ಹೊತ್ತವನು ಸಾಧಕನಾಗಲಾರನೆಂಬ ಮಾತಿಗೆ ಅವರ ಬಾಳೇ ಉತ್ತರ.

ಇನ್ನು ದೇಹಧರ್ಮದ ಮಾತು. ಹೊಸ ಶ್ರಮಕ್ಕೆ ಮಾಂಸಖಂಡಗಳು ಬೇಗ ಒಗ್ಗುತ್ತವೆ. ಅವುಗಳನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತಸಂಚಾರ ಕಡಿಮೆಯಾದುದರಿಂದ ಅವು ನಿಧಾನವಾಗಿ ಒಗ್ಗುತ್ತವೆ. ಮೂಳೆಯಂತೂ ಪೆಟ್ಟಿನಿಂದ ಆದ ಸೂಕ್ಷ್ಮ ಸವೆತವನ್ನು ತುಂಬಿಕೊಂಡು ಮತ್ತಷ್ಟು ಗಟ್ಟಿಯಾಗಲು ವಾರಗಳನ್ನೇ ತೆಗೆದುಕೊಳ್ಳುತ್ತದೆ. ಎರಡು ತಿಂಗಳು ಹೆಚ್ಚು ಕುಣಿಯದೆ ಇದ್ದು, ದಸರೆಗೆ ಮೂರು ವಾರವಿದೆಯೆನ್ನುವಾಗ ಏಕಾಏಕಿ ದಿನಕ್ಕೆ ಐದು ಗಂಟೆ ಬರಿಗಾಲಿನಲ್ಲಿ ನೆಲವನ್ನು ತಟ್ಟಲು ತೊಡಗಿದವಳಿಗೆ, ಮಾಂಸಖಂಡ ಒಪ್ಪಿದ್ದರಿಂದ ಎಲ್ಲವೂ ಸರಿಯಾಗಿದೆಯೆಂಬ ಭ್ರಮೆಯುಂಟಾಗುತ್ತದೆ. ಮೊಣಕಾಲಿನ ಕೆಳಗಿನ ಮೂಳೆಯ ಒಳಅಂಚಿನಲ್ಲಿ ಏಳುವ ನೋವನ್ನು ಆಕೆ ದಣಿವೆಂದು ತಳ್ಳಿಹಾಕುತ್ತಾಳೆ. ಮೂಳೆ ತುಂಬಿಕೊಳ್ಳುವುದಕ್ಕಿಂತ ಸವೆತವೇ ಮುಂದಾದಾಗ ಅಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ನಮ್ಮ ಸಭಾಂಗಣಗಳಲ್ಲಿ ಸಿಮೆಂಟಿನ ಮೇಲೋ ಕಲ್ಲಿನ ಮೇಲೋ ತೆಳ್ಳನೆಯ ಹಾಸು ಹಾಸಿರುವುದು ಸಾಮಾನ್ಯ. ಅಡಿಯಲ್ಲಿ ಟೊಳ್ಳು ಬಿಟ್ಟು ಮರದ ಹಲಗೆ ಜೋಡಿಸಿದ, ಪೆಟ್ಟನ್ನು ತಾನೂ ಸ್ವಲ್ಪ ಸಹಿಸಿಕೊಳ್ಳುವಂಥ ನೆಲ ಅಪೂರ್ವ. ಇದಕ್ಕೆ ಸೇರಿ ಅರೆಮಂಡಿಯ ದೋಷವೊಂದು. ಕಾಲನ್ನು ಪಕ್ಕಕ್ಕೆ ತೆರೆಯುವ ಚಲನೆ ಸೊಂಟದ ಕೀಲಿನಿಂದ ಹುಟ್ಟಬೇಕು. ದಣಿದ ನರ್ತಕಿ ಪಾದವನ್ನು ಮಾತ್ರ ಪಕ್ಕಕ್ಕೆ ತಿರುಗಿಸಿ ಮೊಣಕಾಲನ್ನು ಮುಂದಕ್ಕೇ ಬಿಟ್ಟುಕೊಳ್ಳುತ್ತಾಳೆ. ಆಗ ತಿರುಚಿನ ಭಾರವೆಲ್ಲ ಮೊಣಕಾಲಿನ ಮೇಲೆ. ನಿಧಾನವಾದ ಕಾಲದಲ್ಲಿ ನಿತ್ಯವೂ ಅಡವು ಹಾಕುವವಳಿಗೆ ಈ ತಪ್ಪು ಆದೊಡನೆಯೇ ಅರಿವಿಗೆ ಬರುತ್ತದೆ. ಮೂಲಾಭ್ಯಾಸವು ಸೌಂದರ್ಯಕ್ಕೆ ಮಾತ್ರವಲ್ಲ, ಅಂಗರಕ್ಷೆಗೂ ಬೇಕಾದದ್ದೆನ್ನುವುದು ಇದರಿಂದ.

ಕಲಿಕೆಯ ವಿಷಯದಲ್ಲಿ ಮನಶ್ಶಾಸ್ತ್ರಜ್ಞರು ಹೇಳುವುದೂ ನಮಗೆ ಅನುಕೂಲವಾಗಿಯೇ ಇದೆ. ಭಾನುವಾರ ಒಂದೇ ಸಲಕ್ಕೆ ನಾಲ್ಕು ಗಂಟೆ ಮಾಡುವುದಕ್ಕಿಂತ, ಅದೇ ವೇಳೆಯನ್ನು ದಿನದಿನಕ್ಕೆ ಹಂಚಿ ಮಾಡಿದ ಸಾಧನೆ ದೇಹದಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಹಗಲು ಕಲಿತ ಚಲನೆ ರಾತ್ರಿಯ ನಿದ್ರೆಯಲ್ಲಿ ನೆಲೆಗೊಳ್ಳುತ್ತದೆ. ಆದುದರಿಂದ ಕಾರ್ಯಕ್ರಮಗಳ ಭರಾಟೆಯಲ್ಲಿ ಅಭ್ಯಾಸದ ಜೊತೆಗೆ ನಿದ್ರೆಯನ್ನೂ ಬಲಿಕೊಡುವವಳು ಎರಡು ಕಡೆಯಿಂದಲೂ ನಷ್ಟಕ್ಕೊಳಗಾಗುತ್ತಾಳೆ.

ಹಾಗಾದರೆ ಮಾಡಬೇಕಾದುದೇನು? ಒಂದೂವರೆ ಗಂಟೆಯ ಪೂರ್ಣ ಸಾಧನೆಗೆ ವೇಳೆ ಸಿಕ್ಕದ ದಿನ ಸಾಧನೆಯನ್ನೇ ಬಿಟ್ಟುಬಿಡುವುದು ನಮ್ಮಲ್ಲಿ ಬೇರೂರಿರುವ ಅಭ್ಯಾಸ. ಅದರ ಬದಲು, ಎಂಥ ಇಕ್ಕಟ್ಟಿನ ದಿನದಲ್ಲೂ ಬಿಡಬಾರದ ಸಣ್ಣದೊಂದು ನೇಮವನ್ನು, ನಲವತ್ತು ನಿಮಿಷವಾಗಲಿ ಅರ್ಧ ಗಂಟೆಯಾಗಲಿ, ಗೊತ್ತುಮಾಡಿಕೊಂಡು ಅದನ್ನು ತಾಲೀಮಿಗೆ ಹೊರಡುವ ಮುನ್ನವೇ ತೀರಿಸುವುದು ಮೇಲು. ತಾಲೀಮು ಮುಗಿದ ಮೇಲೆ ಎಂದು ಮುಂದೂಡಿದ ಅಡವು ಆ ದಿನ ನಡೆಯುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಎಲ್ಲ ಅಡವುಗಳನ್ನೂ ತುರುಕುವ ಆತುರ ಬೇಡ. ಚೆಕೆಟ್ಟಿಯ ರೀತಿಯಲ್ಲಿ ವಾರಕ್ಕೆ ಹಂಚಿಕೊಂಡು, ಒಂದು ದಿನ ತಟ್ಟಡವು ನಾಟಡವು, ಇನ್ನೊಂದು ದಿನ ಜಿಗಿತದ ಅಡವುಗಳು, ಮತ್ತೊಂದು ದಿನ ಮಂಡಿಯಡವು, ಕಾರ್ಯಕ್ರಮದ ಮರುದಿನ ಕೇವಲ ದೃಷ್ಟಿಭೇದ, ಗ್ರೀವಾಭೇದ, ಹಸ್ತಗಳು, ಮುಖಜಾಭಿನಯ ಹೀಗೆ ಮಾಡಿಕೊಂಡರೆ ಯಾವ ಅಂಗವೂ ಉಪವಾಸ ಬೀಳುವುದಿಲ್ಲ. ರೂಪಕದಲ್ಲಿ ಎಡಕ್ಕೇ ಕುಣಿಯಬೇಕಾದವಳು ಮನೆಯಲ್ಲಿ ಬಲದಿಂದ ಆರಂಭಿಸಲಿ. ಮೊದಲನೆಯ ಕಾಲವನ್ನಂತೂ ಎಂದಿಗೂ ಬಿಡದಿರಲಿ. ಅವಸರದ ದಿನಗಳಲ್ಲಿ ಮೊದಲು ಕೈಬಿಡುವುದು ಅದನ್ನೇ, ತಪ್ಪನ್ನು ಎತ್ತಿ ತೋರಿಸುವ ಶಕ್ತಿಯಿರುವುದೂ ಅದಕ್ಕೇ. ದೊಡ್ಡ ಕಾರ್ಯಕ್ರಮದ ವಾರದಲ್ಲಿ ಸಾಧನೆಯ ಪ್ರಮಾಣವನ್ನು ಅರ್ಧಕ್ಕಿಳಿಸಿದರೂ ಶುದ್ಧಿಯನ್ನು ಇಳಿಸಬಾರದು. ತಾಲೀಮಿನಲ್ಲಿ ಸ್ಥಾನ, ಪ್ರವೇಶ, ನಿರ್ಗಮನಗಳನ್ನು ಗೊತ್ತುಪಡಿಸಿಕೊಳ್ಳುವ ಹೊತ್ತಿನಲ್ಲಿ ಪೂರ್ಣ ಬಲದಿಂದ ಕುಣಿಯುವ ಅಗತ್ಯವಿಲ್ಲವೆಂಬುದನ್ನು ಸಂಯೋಜಕರೂ ಒಪ್ಪಬೇಕು. ಬ್ಯಾಲೆಯ ನರ್ತಕರು ಇಂಥ ಹೊತ್ತಿನಲ್ಲಿ ಜಿಗಿತವನ್ನು ಕೈಸನ್ನೆಯಿಂದ ಸೂಚಿಸಿ ಕಾಲನ್ನು ಕಾಪಾಡಿಕೊಳ್ಳುತ್ತಾರೆ, ಅದನ್ನು ಅಲ್ಲಿ ಯಾರೂ ಸೋಮಾರಿತನವೆಂದು ಬಗೆಯುವುದಿಲ್ಲ.

ಅನೇಕ ಗುರುಗಳ ಬಳಿ, ಅನೇಕ ತಂಡಗಳಲ್ಲಿ ಕುಣಿಯುವವರಿಗೆ ಇನ್ನೊಂದು ತೊಡಕುಂಟು. ಪಂದನಲ್ಲೂರು ಬಾನಿಯಲ್ಲಿ, ಎಂದರೆ ಶೈಲಿಯಲ್ಲಿ, ಕಲಿತವಳು ವಳುವೂರು ಬಾನಿಯ ಸಂಯೋಜಕರ ಕೈಯಲ್ಲಿ ಕುಣಿಯುವಾಗ ರೇಖೆಯೂ ಲಾಸ್ಯದ ಪ್ರಮಾಣವೂ ಬದಲಾಗುತ್ತವೆ. ಚೆನ್ನೈಯ ಕಲಾಕ್ಷೇತ್ರ ಸಂಸ್ಥೆಯ ಕ್ರಮದಲ್ಲಿ ಪಳಗಿದವಳ ತೋಳಿಗೆ ಇನ್ನೊಂದೆಡೆ ಬಾಗುವುದನ್ನು ಕಲಿಸುತ್ತಾರೆ. ಕಥಕ್ ಸೇರಿದ ಮಿಶ್ರಪ್ರಯೋಗವಾದರೆ ಅರೆಮಂಡಿಯನ್ನೇ ಬಿಟ್ಟು ನೆಟ್ಟನೆಯ ಕಾಲಿನಲ್ಲಿ ನಿಲ್ಲಬೇಕು. ಇದರಿಂದ ದೇಹ ಸಂಪನ್ನವಾಗುವುದೂ ಉಂಟು, ಮೂರು ಮನೆಯ ಭಾಷೆ ಕಲೆತು ಯಾವ ಮನೆಯದೂ ಅಲ್ಲದ ಕಲಬೆರಕೆಯಾಗುವುದೂ ಉಂಟು. ಯಾವುದಾಗುತ್ತದೆಂಬುದು, ಮನೆಗೆ ಹಿಂದಿರುಗಿದ ಮೇಲೆ ಆಕೆ ತನ್ನ ಮೂಲಬಾನಿಯ ಅಡವನ್ನು ದಿನವೂ ಹಾಕುತ್ತಾಳೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಹಾಕುವವಳಿಗೆ ತಾನು ಎಲ್ಲಿಂದ ಹೊರಟೆನೆಂಬುದು ಗೊತ್ತಿರುತ್ತದೆ, ಆದುದರಿಂದ ಎಷ್ಟು ದೂರ ಬಂದೆನೆಂಬುದೂ ಗೊತ್ತಿರುತ್ತದೆ.

ಪಾಠ ಹೇಳುವವರ ಕಷ್ಟವನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ಸಂಜೆಯೆಲ್ಲ ಮಕ್ಕಳಿಗೆ ಅಡವು ಹೇಳಿಕೊಡುವ ಶಿಕ್ಷಕಿಗೆ ತನ್ನ ಅಭ್ಯಾಸವೂ ಅದರಲ್ಲೇ ಆಯಿತೆಂದು ತೋರುವುದು ಸಹಜ. ಆದರೆ ಆಕೆ ತಟ್ಟುಮಣೆಯ ಮುಂದೆ ಕುಳಿತು ಸೊಲ್ಲು ಹೇಳುತ್ತಿರುತ್ತಾಳೆ. ಎದ್ದಾಗಲೂ ಮೈಯನ್ನು ಬೆಚ್ಚಗೆ ಮಾಡಿಕೊಳ್ಳದೆ, ಅರ್ಧ ಮಂಡಿಯಲ್ಲಿ, ಮಕ್ಕಳಿಗೆದುರಾಗಿ ನಿಂತು ಒಂದೇ ಪಕ್ಕಕ್ಕೆ ಮಾಡಿ ತೋರಿಸಿ ಮತ್ತೆ ಕೂರುತ್ತಾಳೆ. ಇದು ವಿದ್ಯಾದಾನ, ಸಾಧನೆಯ ಲೆಕ್ಕಕ್ಕೆ ಬರತಕ್ಕದ್ದಲ್ಲ. ಚೆನ್ನಾಗಿ ಕುಣಿಯುತ್ತಿದ್ದ ಎಷ್ಟೋ ಮಂದಿ ಮೂವತ್ತೈದರ ಹೊತ್ತಿಗೆ ಶಿಕ್ಷಕಿಯರಾಗಿ ಮಾತ್ರ ಉಳಿಯುವುದಕ್ಕೆ ಈ ಒಂದು ತಪ್ಪೆಣಿಕೆ ಕಾರಣವಾಗಿದೆಯೆಂದು ನನಗೆ ವ್ಯಥೆಯಿದೆ.

ಒಲ್ಲೆನೆಂದು ಹೇಳುವುದನ್ನೂ ಕಲಿಯಬೇಕು. ಗುರುಗಳ ಕರೆ, ಗೆಳತಿಯ ಕರೆ, ದೇವಸ್ಥಾನದ ಕರೆ, ಯಾವುದನ್ನು ನಿರಾಕರಿಸುವುದೂ ನಮ್ಮ ಸಂಸ್ಕಾರದಲ್ಲಿ ಸುಲಭವಲ್ಲ. ಒಮ್ಮೆ ಇಲ್ಲವೆಂದರೆ ಮುಂದೆ ಕರೆಯುವುದಿಲ್ಲವೆಂಬ ಭಯ ಬೇರೆ. ಆ ಭಯ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಆದರೂ ಒಂದೇ ತಿಂಗಳಿನಲ್ಲಿ ಎರಡು ಹೊಸ ಸಂಯೋಜನೆಗಳನ್ನು ಕಲಿಯಬೇಕಾಗಿ ಬಂದಾಗ ಒಂದನ್ನು ಬಿಡುವುದೂ, ಬಿಡಲಾಗದಿದ್ದಲ್ಲಿ ಅದರಲ್ಲಿ ಚಿಕ್ಕ ಪಾತ್ರವನ್ನು ಕೇಳಿ ಪಡೆಯುವುದೂ, ತಾಲೀಮಿನ ದಿನಗಳನ್ನು ಮೊದಲೇ ಬರೆದುಕೊಡಬೇಕೆಂದು ಸಂಯೋಜಕರನ್ನು ವಿನಯದಿಂದಲೇ ಒತ್ತಾಯಿಸುವುದೂ ಸಾಧ್ಯವಾದ ಕೆಲಸಗಳು. ತಾಯಿತಂದೆಯರೂ ಇಲ್ಲಿ ನೆರವಾಗಬಲ್ಲರು. ಹತ್ತು ವರ್ಷದ ಮಗುವಿಗೆ ತಿಂಗಳಿಗೆ ಮೂರು ಸ್ಪರ್ಧೆಗಳಲ್ಲಿ ಒಂದೇ ಐಟಮ್ಮನ್ನು ಕುಣಿಸಿ ಫಲಕಗಳನ್ನು ಮನೆಗೆ ತರುವುದರಲ್ಲಿ ಸಂತೋಷವಿದೆ, ನಿಜ. ಆದರೆ ಆ ತಿಂಗಳಲ್ಲಿ ಆ ಮಗು ಹೊಸದಾಗಿ ಯಾವ ಅಡವನ್ನು ಕಲಿಯಿತೆಂದು ಗುರುವನ್ನು ವಿಚಾರಿಸುವ ತಾಯಿಯೊಬ್ಬಳಿದ್ದರೆ ಗುರುವಿಗೂ ಧೈರ್ಯ ಬರುತ್ತದೆ. ಜೂನಿಯರ್, ಸೀನಿಯರ್ ಪರೀಕ್ಷೆಗಳು ಅಡವುಗಳನ್ನು ಕಾಲಗಳೊಡನೆ ಒಪ್ಪಿಸಬೇಕೆಂದು ವಿಧಿಸುವುದು ಈ ದೃಷ್ಟಿಯಿಂದ ಉಪಕಾರವೇ; ಪರೀಕ್ಷೆ ಮುಗಿದೊಡನೆ ಆ ಅಡವುಗಳನ್ನು ಪುಸ್ತಕದ ಜೊತೆಗೆ ಎತ್ತಿಡುವುದು ಮಾತ್ರ ಅಪಕಾರ.

ಗುರುಗಳಲ್ಲಿ ನನ್ನದೊಂದು ಬಿನ್ನಹವಿದೆ. ರಂಗಪ್ರವೇಶ ಮುಗಿಸಿದ ಶಿಷ್ಯೆಯರು ಹೊಸ ವರ್ಣವನ್ನು ಕಲಿಯಲೆಂದೋ ರೂಪಕದಲ್ಲಿ ಪಾತ್ರ ವಹಿಸಲೆಂದೋ ಮಾತ್ರ ಗುರುವಿನ ಮನೆಗೆ ಬರುವುದು ರೂಢಿಯಾಗಿದೆ. ಅಂಥವರಿಗಾಗಿ ವಾರಕ್ಕೊಂದು ಮುಂಜಾನೆ, ಯಾವ ಐಟಮ್ಮಿನ ಪಾಠವನ್ನೂ ಮಾಡದ, ಯಾವ ವೇದಿಕೆಯನ್ನೂ ಮುಂದಿಟ್ಟುಕೊಳ್ಳದ ಅಡವಿನ ತರಗತಿಯೊಂದನ್ನು ಇಟ್ಟರೆ, ಅದಕ್ಕೆ ಬೇಕಾದುದು ಹದವಾದ ನೆಲ, ತಟ್ಟುಮಣೆ, ಒಂದೂವರೆ ಗಂಟೆಯ ಕಾಲ, ಇಳಿದ ಮೊಣಕೈಯನ್ನು ಗುರುತಿಸುವ ಕಣ್ಣು ಇಷ್ಟೇ. ಬೇರೆ ಬೇರೆ ತಂಡಗಳಲ್ಲಿ ಕುಣಿಯುವವರು, ಹೊರಗೆ ತಾವೇ ಗುರುಗಳೆನ್ನಿಸಿಕೊಂಡವರು, ಹೆರಿಗೆಯ ಬಳಿಕ ಮರಳಿ ಗೆಜ್ಜೆ ಕಟ್ಟಬೇಕೆಂದಿರುವವರು ಎಲ್ಲರೂ ಅಲ್ಲಿಗೆ ಬರಲಿ, ಬಂದವರೆಲ್ಲರೂ ಮೊದಲನೆಯ ತಟ್ಟಡವಿನಿಂದಲೇ, ಮೊದಲನೆಯ ಕಾಲದಲ್ಲಿಯೇ ಆರಂಭಿಸಲಿ. ಸಾಧ್ಯವಾದರೆ ಗುರುಗಳೂ ತಟ್ಟುಕೋಲನ್ನು ಹಿರಿಯ ಶಿಷ್ಯೆಯೊಬ್ಬಳ ಕೈಗೆ ಕೊಟ್ಟು, ಒಂದಷ್ಟು ಹೊತ್ತು ಆ ಸಾಲಿನಲ್ಲಿ ನಿಲ್ಲಲಿ.